ಓದುಗರ ಪ್ರಶ್ನೆ: ಹಾಡುವವನ ಕೈಗೆ ವಿಮಾನ ಕೊಟ್ಟವರಾರು?

ಹಿಂದಿನ ಸಂಚಿಕೆಯಲ್ಲಿ ಬ್ರಿಟನ್ನಿನ ಹೆವಿ ಮೆಟಲ್ ಬ್ಯಾಂಡ್ ಐರನ್ ಮೇಡನ್‌ನ ಗಾಯಕ ಬ್ರೂಸ್ ಡಿಕಿನ್ಸನ್ ಪ್ರಸ್ತಾಪ ಬಂದದ್ದೇ ತಡ, ಪತ್ರಗಳ ಕಟ್ಟೇ ಬಂತು. ಆಯ್ದ ನಾಲ್ಕಕ್ಕೆ ಇಲ್ಲಿ ಉತ್ತರ.

ಗಾಯಕನೇ ಬೋಯಿಂಗ್ ಓಡಿಸುತ್ತಾನೆ ಅನ್ನುವುದು ಪ್ರಚಾರದ ಮಾತೋ, ನಿಜವೋ?
– ಓದುಗರು, ಶಿವಮೊಗ್ಗ

ನಿಜ. ಕಾಕ್‌ಪಿಟ್‌ನಲ್ಲಿ ಫೋಟೊ ತೆಗೆಸಿಕೊಳ್ಳುವ ಬಾಬತ್ತಲ್ಲ ಇದು. 1990ರ ದಶಕದಲ್ಲಿ ಫ್ಲೋರಿಡಾದಲ್ಲಿ ಸಣ್ಣ ವಿಮಾನದಿಂದ ಕಲಿಕೆ ಶುರು ಮಾಡಿದ ಡಿಕಿನ್ಸನ್, ಮುಂದೆ ಬ್ರಿಟನ್ನಿನ ಆಸ್ಟ್ರೇಯಸ್ ಏರ್‌ಲೈನ್ಸ್‌ನಲ್ಲಿ ಸಂಬಳಕ್ಕೆ ದುಡಿದ ಪೈಲಟ್. 2011ರಲ್ಲಿ ಆ ಕಂಪನಿ ಬಾಗಿಲು ಹಾಕುವ ಹೊತ್ತಿಗೆ ಕ್ಯಾಪ್ಟನ್ ಆಗಿದ್ದ. ಅಲ್ಲಿಗೆ ಏರುವ ದಾರಿ ಎಲ್ಲರಿಗೂ ಒಂದೇ: ವೈದ್ಯಕೀಯ ಪರೀಕ್ಷೆ, ಖಾಸಗಿ ಲೈಸೆನ್ಸ್, ಸುಮಾರು 200 ಗಂಟೆ ಹಾರಾಟದ ಮೇಲೆ ಕಮರ್ಷಿಯಲ್ ಲೈಸೆನ್ಸ್, ಹೊರಗೆ ಏನೂ ಕಾಣದಿದ್ದಾಗ ಮೀಟರುಗಳನ್ನಷ್ಟೇ ನೋಡಿ ಹಾರಿಸುವ ತರಬೇತಿ, ರಾಶಿ ಲಿಖಿತ ಪರೀಕ್ಷೆ, 1500 ಗಂಟೆ ತುಂಬಿದ ಮೇಲೆ ಏರ್‌ಲೈನ್ ಲೈಸೆನ್ಸ್. ಇಷ್ಟಾದರೂ ಎಲ್ಲ ವಿಮಾನ ಮುಟ್ಟುವಂತಿಲ್ಲ. ಬೋಯಿಂಗ್ 757 ಓಡಿಸಿದವನು ಬೋಯಿಂಗ್ 747 ಹತ್ತಬೇಕಾದರೆ ಸಿಮ್ಯುಲೇಟರಿನಲ್ಲಿ ಮತ್ತೆ ಕೂತು ಆ ಮಾದರಿಗೇ ಬೇರೆ ಅರ್ಹತೆ ಪಡೆಯಬೇಕು. 2016ರ ಪ್ರವಾಸಕ್ಕಾಗಿ ಡಿಕಿನ್ಸನ್ ಅದನ್ನೂ ಮಾಡಿದ.

ಬ್ಯಾಂಡಿಗೆ ಸ್ವಂತ ವಿಮಾನದ ಶೋಕಿ ಯಾಕೆ ಅಂತ ಕೇಳಿದ್ದೀರಿ. ಶೋಕಿಗಿಂತ ಸಾಗಣೆಯ ಲೆಕ್ಕ ದೊಡ್ಡದು. ಸಾಮಾನನ್ನು ಬೇರೆ ಸರಕು ವಿಮಾನಕ್ಕೆ ಹಾಕಿದರೆ ಜನ ಒಂದು ಕಡೆ, ಡ್ರಮ್ಮು ಇನ್ನೊಂದು ಕಡೆ ಕಸ್ಟಮ್ಸ್‌ನಲ್ಲಿ ಕಾಯುತ್ತಿರುತ್ತದೆ. 2008ರಲ್ಲಿ ಆಸ್ಟ್ರೇಯಸ್‌ನ 757ರ ಹಿಂಬದಿಯ ಸೀಟು ಕಿತ್ತು ಆ ಜಾಗವನ್ನು ಸರಕಿಗೆ ಬಿಟ್ಟರು. ವಾದ್ಯವೃಂದ, ಕೆಲಸಗಾರರು, ಸುಮಾರು 12 ಟನ್ ಸಾಮಾನು, ಎಲ್ಲ ಒಟ್ಟಿಗೇ ಇಳಿಯುವಂತಾಯಿತು. ವಿಮಾನಕ್ಕೆ ಎಡ್ ಫೋರ್ಸ್ ಒನ್ ಅಂತ ಹೆಸರು.

ಎಡವಟ್ಟೂ ಆಗಿದೆ. 2016ರ ಮಾರ್ಚ್‌ನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಇಂಧನ ತುಂಬಿಸಲು 747 ಅನ್ನು ಟ್ರ್ಯಾಕ್ಟರಿನಿಂದ ಎಳೆದೊಯ್ಯುತ್ತಿದ್ದರು. ಜೋಡಣೆಯ ಒಂದು ಪಿನ್ನು ಕಳಚಿತು. ತಿರುವಿನಲ್ಲಿ ಚಕ್ರ ಮಾತು ಕೇಳದೆ ವಿಮಾನ ಟ್ರ್ಯಾಕ್ಟರಿಗೇ ಬಡಿಯಿತು. ಎರಡು ಎಂಜಿನ್ ಹಾಳು, ಟ್ರ್ಯಾಕ್ಟರಿನಲ್ಲಿದ್ದ ಇಬ್ಬರಿಗೆ ಗಾಯ. ಬ್ಯಾಂಡ್ ಬೇರೆ ವಿಮಾನ ಹಿಡಿದು ಪ್ರವಾಸ ಮುಂದುವರಿಸಿತು, 747ಕ್ಕೆ ಬದಲಿ ಎಂಜಿನ್ ಕೂರಿಸಿದರು.

ಮಗ ಬ್ಯಾಂಡ್‌ನಲ್ಲಿ ಹಾಡುತ್ತಾನೆ. ಪ್ರಾಕ್ಟೀಸ್ ಮುಗಿಸಿ ಬಂದರೆ ಮರುದಿನ ದನಿಯೇ ಇರುವುದಿಲ್ಲ. ಬೈದರೆ, "ಡಿಕಿನ್ಸನ್ 40 ವರ್ಷದಿಂದ ಕಿರುಚ್ತಿಲ್ವಾ?" ಅಂತಾನೆ.
– ಓದುಗರು, ಹುಬ್ಬಳ್ಳಿ

ಡಿಕಿನ್ಸನ್ ಕಿರುಚುವುದು ಅಪರೂಪ, ಹಾಡುವುದೇ ಜಾಸ್ತಿ ಅಂತ ಮೊದಲು ಹೇಳಿ. 1982ರ 'ದಿ ನಂಬರ್ ಆಫ್ ದಿ ಬೀಸ್ಟ್' ಧ್ವನಿಮುದ್ರಣದಲ್ಲಿ ನಿರ್ಮಾಪಕ ಮಾರ್ಟಿನ್ ಬರ್ಚ್ ಆ ಹಾಡಿನ ಮೊದಲ ಸಾಲುಗಳನ್ನೇ, ಅದೂ ತಗ್ಗಿದ ದನಿಯ ಸಾಲುಗಳನ್ನು, ಗಂಟೆಗಟ್ಟಲೆ ಹಾಡಿಸಿದ್ದ. ಎಲ್ಲರ ನೆನಪಿನಲ್ಲಿ ಉಳಿದ ಆ ಉದ್ದನೆಯ ಕೂಗು ಬರುವುದು ಅವುಗಳ ಬೆನ್ನಿಗೆ. ಮೆಲ್ಲಗೆ ಹಾಡಲು ಉಸಿರು ಹಿಡಿತಕ್ಕೆ ಬಾರದವನ ಕೂಗು ಗಂಟಲನ್ನೇ ತಿನ್ನುತ್ತದೆ.

ಆದರೆ ನಿಮ್ಮ ಮಗನ ಕಾಯಿಲೆಯ ಬೇರು ಕೋಣೆಯಲ್ಲೇ ಇರುವ ಸಂಭವ ಹೆಚ್ಚು. ತನ್ನ ದನಿ ತನಗೆ ಕೇಳದಿದ್ದರೆ ಯಾರಾದರೂ ಅರಿವಿಲ್ಲದೆ ಜೋರು ಮಾಡುತ್ತಾರೆ, ಜಾತ್ರೆಯಲ್ಲಿ ಮಾತಾಡುವ ಹಾಗೆ. ಗಿಟಾರಿನ ಆಂಪ್, ಅಂದರೆ ಅದರ ಸ್ಪೀಕರ್ ಪೆಟ್ಟಿಗೆ, ನೆಲದ ಮೇಲಿದೆಯೇ ನೋಡಿ. ಸದ್ದು ವಾದಕನ ಮೊಣಕಾಲಿಗೆ ಬಡಿಯುತ್ತದೆ, ಅವನಿಗೆ ಕೇಳದೆ ವಾಲ್ಯೂಮ್ ಏರಿಸುತ್ತಾನೆ. ಆಂಪನ್ನು ಕುರ್ಚಿಯ ಮೇಲಿಟ್ಟು ಅವನ ಕಿವಿಯತ್ತ ತಿರುಗಿಸಿದರೆ ತಾನೇ ಇಳಿಸುತ್ತಾನೆ.

ಇನ್ನು ಮೈಕ್. ವಿಡಿಯೊ ನೋಡಿ ಜಾಲರಿಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುವ ಚಟ ಹುಡುಗರಿಗಿದೆ. ಶೂರ್ ಎಸ್ಎಂ 58ರಂಥ ಮೈಕ್ ಹಿಂಬದಿಯ ಸದ್ದನ್ನು ತಡೆಯುವುದು ಜಾಲರಿಯ ಹಿಂಭಾಗದಿಂದಲೂ ಗಾಳಿ ಆಡುವುದರಿಂದ. ಅದನ್ನು ಮುಚ್ಚಿದರೆ ಸುತ್ತಲಿನದ್ದೆಲ್ಲ ಒಳಗೆ ನುಗ್ಗಿ ಮಾನಿಟರ್ (ಗಾಯಕನಿಗೆ ತನ್ನ ದನಿ ಕೇಳಿಸಲು ಅವನತ್ತ ತಿರುಗಿಸಿಟ್ಟ ಸ್ಪೀಕರ್) 'ಕುಂಯ್' ಅನ್ನುತ್ತದೆ, ಸೌಂಡ್‌ನವನು ಮಾನಿಟರ್ ತಗ್ಗಿಸುತ್ತಾನೆ, ಗಾಯಕನಿಗೆ ಇನ್ನೂ ಕೇಳುವುದಿಲ್ಲ, ಇನ್ನೂ ಕೂಗುತ್ತಾನೆ. ಜಾಲರಿ ಬಿಟ್ಟು ಮೈಕಿನ ಹಿಡಿಕೆಯನ್ನೇ ಹಿಡಿಯಲಿ, ಬಾಯಿಗೆ ಎರಡು ಬೆರಳು ದೂರ. ಮಾನಿಟರ್ ಮೈಕಿನ ಬಾಲದ ದಿಕ್ಕಿಗೆ ಇರಲಿ.

ಹಾಡುವ ಮುನ್ನ ಒಂದು ಅಗ್ಗದ ಉಪಾಯ: ಅರ್ಧ ಲೋಟ ನೀರಿಗೆ ಸ್ಟ್ರಾ ಎರಡು-ಮೂರು ಸೆಂಟಿಮೀಟರ್ ಮುಳುಗಿಸಿ, ಅದರೊಳಗೆ 'ಊ' ಅಂತ ಗುನುಗುತ್ತಾ ಕೆಳಗಿನ ಸ್ವರದಿಂದ ಮೇಲಕ್ಕೆ ಜಾರುವುದು, ಐದು ನಿಮಿಷ. ಗುಳ್ಳೆ ಒಂದೇ ಸಮ ಬರಬೇಕು. ತುಂಡಾದರೆ ಉಸಿರು ಜಗ್ಗುತ್ತಿದೆ ಎಂದರ್ಥ.

ದನಿ ಕೂತ ದಿನ ಪಿಸುಮಾತೂ ಬೇಡ, ಸುಮ್ಮನಿರುವುದೇ ಒಳ್ಳೆಯದು. ನೋವಿನ ಮಾತ್ರೆ ನುಂಗಿ ಹಾಡುವುದಂತೂ ಬೇಡವೇ ಬೇಡ, ನಿಲ್ಲಿಸು ಅಂತ ಹೇಳುವ ಕಾವಲುಗಾರನನ್ನೇ ಮಲಗಿಸಿದ ಹಾಗೆ. ಗೊರಗೊರ ಮೂರು ವಾರ ದಾಟಿದರೆ ಇಎನ್‌ಟಿ ವೈದ್ಯರು ಕ್ಯಾಮೆರಾ ಹಾಕಿ ನೋಡಲೇಬೇಕು. ಹಾಡುತ್ತಿದ್ದಾಗಲೇ ದನಿ ಗಕ್ಕನೆ ನಿಂತರೆ ಅದೇ ದಿನ ಹೋಗಿ.

ಗಂಟಲು ಕ್ಯಾನ್ಸರ್ ಬಂದ ಡಿಕಿನ್ಸನ್‌ಗೆ ದನಿ ಉಳಿದದ್ದು ಹೇಗೆ?
– ಓದುಗರು, ಮೈಸೂರು

ಧ್ವನಿತಂತುಗಳಿಗೆ ಬಂದದ್ದಲ್ಲ. ನಾಲಿಗೆಯ ಹಿಂಭಾಗದಲ್ಲಿ ಗಾಲ್ಫ್ ಚೆಂಡಿನಷ್ಟು ಗಡ್ಡೆ, ಜೊತೆಗೆ ಕತ್ತಿನ ದುಗ್ಧಗ್ರಂಥಿಯಲ್ಲಿ ಇನ್ನೊಂದು. 2014ರ ಕೊನೆಗೆ ಪತ್ತೆ, 33 ಸಲ ವಿಕಿರಣ, ಒಂಬತ್ತು ವಾರ ಕೀಮೊ, 2015ರ ಮೇ ತಿಂಗಳಲ್ಲಿ ಗುಣವಾಯಿತೆಂಬ ಸುದ್ದಿ. ಕಾರಣ ಲೈಂಗಿಕ ಸಂಪರ್ಕದಿಂದ ಹರಡುವ ಎಚ್‌ಪಿವಿ ವೈರಸ್ ಎಂದು ಆತ ಮುಚ್ಚುಮರೆಯಿಲ್ಲದೆ ಹೇಳಿದ್ದಾನೆ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಬಂದ ಆಲ್ಬಮ್ಮಿನ ಹಾಡುಗಾರಿಕೆ ರೋಗ ಗೊತ್ತಾಗುವ ಮೊದಲೇ ಮುಗಿದಿತ್ತು. ಚಿಕಿತ್ಸೆಯ ನಂತರದ ದನಿ ಕೇಳಬೇಕಾದರೆ 2016ರ ಪ್ರವಾಸದ ಮುದ್ರಿಕೆಗಳಿಗೆ ಹೋಗಿ. ಕತ್ತಿನಲ್ಲಿ ನೋವಿಲ್ಲದ ಗಂಟು ಕೈಗೆ ಸಿಕ್ಕಿ ಮೂರು ವಾರವಾದರೂ ಕರಗದಿದ್ದರೆ ಸಿಗರೇಟು ಮುಟ್ಟದವರೂ ತೋರಿಸಿಕೊಳ್ಳಬೇಕು.

2007ರಲ್ಲಿ ಎಚ್‌ಎಎಲ್ ವಿಮಾನ ನಿಲ್ದಾಣದಲ್ಲಿ ಐರನ್ ಮೇಡನ್ ಚಿತ್ರ ಬಳಿದ ವಿಮಾನ ನೋಡಿದೆ ಅಂತ ಗೆಳೆಯ ಪಂತ ಕಟ್ಟಿದ್ದಾನೆ. 500 ರೂಪಾಯಿ!
– ಓದುಗರು, ಬೆಂಗಳೂರು

ಪಂತ ನೀವೇ ಗೆದ್ದಿರಿ. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ಬ್ಯಾಂಡ್ ಹಾಡಿದ್ದು ನಿಜ, ಅದೇ ಭಾರತದಲ್ಲಿ ಅವರ ಮೊದಲ ಕಾರ್ಯಕ್ರಮ. ಆದರೆ ಬಣ್ಣ ಬಳಿದ 757 ಹಾರಲು ಶುರುವಾದದ್ದು 2008ರಲ್ಲಿ, ಮುಂಬೈ ಕಾರ್ಯಕ್ರಮದಿಂದ. 2009ರ ಫೆಬ್ರುವರಿ 15ಕ್ಕೆ ಅವರು ಬೆಂಗಳೂರಿಗೆ ಮತ್ತೆ ಬಂದಾಗ ಆ ವಿಮಾನವೇನೋ ಇತ್ತು, ಆದರೆ ಅಷ್ಟರಲ್ಲಿ ಊರಿನ ವಿಮಾನ ನಿಲ್ದಾಣವೇ ದೇವನಹಳ್ಳಿಗೆ ಹೋಗಿತ್ತು.