ಶಾಲೆ ಟಿಸಿ ಕೊಡುತ್ತಿಲ್ಲ, ವಕೀಲರಿಗೆ ದುಡ್ಡಿಲ್ಲ

ಪ್ರಶ್ನೆ: ಮಗಳು ಏಳನೇ ತರಗತಿ. ಖಾಸಗಿ ಶಾಲೆ ಬಿಡಿಸಿ ಸರ್ಕಾರಿ ಶಾಲೆಗೆ ಸೇರಿಸಬೇಕು. ಫೀಸು ಬಾಕಿ ಇದೆ ಅಂತ ಟಿಸಿ ಕೊಡುತ್ತಿಲ್ಲ. ಮೂರು ಸಲ ಗೇಟಿನಿಂದಲೇ ವಾಪಸ್ ಕಳಿಸಿದರು. ವಕೀಲರನ್ನು ಹಿಡಿಯೋಣ ಅಂದರೆ ಕೈಯಲ್ಲಿ ದುಡ್ಡಿಲ್ಲ. ಏನು ಮಾಡಲಿ?

ಉತ್ತರ: ಮೊದಲು ಮಗಳನ್ನು ಹೊಸ ಶಾಲೆಗೆ ಕರೆದುಕೊಂಡು ಹೋಗಿ, ನಾಳೆಯೇ. ಟಿಸಿ ತಡವಾಯಿತು ಅಂತ ಸರ್ಕಾರಿ ಶಾಲೆಯವರು ಸೇರಿಸಿಕೊಳ್ಳದೆ ಇರುವಂತಿಲ್ಲ, ಹಳೇ ಶಾಲೆಯ ಮುಖ್ಯಶಿಕ್ಷಕರು ತಕ್ಷಣ ಟಿಸಿ ಕೊಡಬೇಕು ಅಂತ 2009ರ ಶಿಕ್ಷಣ ಹಕ್ಕು ಕಾಯ್ದೆಯ 5ನೇ ಕಲಮಿನಲ್ಲೇ ಇದೆ. ಬಾಕಿ ಹಣ ದೊಡ್ಡವರ ಲೆಕ್ಕ, ಅದಕ್ಕೆ ಮಗುವಿನ ಓದು ನಿಲ್ಲಬಾರದು ಅಲ್ವಾ?

ಇನ್ನು ಸುಮ್ನೆ ಬಾಯಲ್ಲಿ ಕೇಳಬೇಡಿ. ಬಿಳಿ ಹಾಳೆಯಲ್ಲಿ ಅರ್ಜಿ ಬರೆದು ಶಾಲೆಗೊಂದು, ಬಿಇಓ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೊಂದು ಕೊಡಿ. ನಿಮ್ಮ ಪ್ರತಿಯ ಮೇಲೆ ಸೀಲು, ತಾರೀಕು ಹಾಕಿಸಿಕೊಂಡೇ ಬನ್ನಿ.

ವಕೀಲರ ಚಿಂತೆ ಬಿಡಿ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆ ಪ್ರಕಾರ ಮಕ್ಕಳಿಗೆ ಮತ್ತು ಹೆಂಗಸರಿಗೆ, ಮನೆಯ ಆದಾಯ ಎಷ್ಟೇ ಇರಲಿ, ವಕೀಲರು ಉಚಿತ. ಅದಕ್ಕೇ ವಕೀಲರನ್ನು ಕೇಳುವ ಅರ್ಜಿಯನ್ನು ಮಗಳ ಹೆಸರಲ್ಲಿ ಬರೆದು ಪೋಷಕರಾಗಿ ನೀವು ಸಹಿ ಮಾಡಿ. ತಾಲೂಕು ಕಾನೂನು ಸೇವಾ ಸಮಿತಿಯಲ್ಲಿ ಕೊಡಿ, ಇಲ್ಲವೇ 15100ಕ್ಕೆ ಫೋನ್ ಮಾಡಿ.