ಭೂತಾನದ ಅಡಿಕೆಗೂ ಮಗಳ ಪಠ್ಯಕ್ಕೂ ಏನು ನಂಟು?

ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರೊಬ್ಬರ ಪತ್ರದ ಸಾರ ಇದು: ‘ಮಗಳು ರಾಜ್ಯಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದಾಳೆ. ರಾತ್ರಿ ಅಡಿಕೆ ಸುಲಿಯುತ್ತಾ ವಾಸ್ತವವಾದ, ಉದಾರವಾದ ಅಂತ ದೇಶ-ದೇಶಗಳ ಸಂಬಂಧದ ಸಿದ್ಧಾಂತಗಳನ್ನು ಬಾಯಿಪಾಠ ಮಾಡುತ್ತಾಳೆ. ಭೂತಾನದ ಹಸಿ ಅಡಿಕೆಯನ್ನು ಸರ್ಕಾರ ಯಾಕೆ ಒಳಗೆ ಬಿಟ್ಟಿತು ಅಂತ ಕೇಳಿದೆ. ಅದು ಸಿಲೆಬಸ್ಸಿನಲ್ಲಿಲ್ಲ ಅಂದಳು. ಹಾಗಾದರೆ ಈ ಸಿದ್ಧಾಂತಗಳು ಯಾರಿಗೆ?’

ಮಾನ್ಯರೇ,

ನಿಮ್ಮ ಪತ್ರದ ಅಂಚಿನಲ್ಲಿ ಚೊಗರು ಅಂಟಿದ ಹೆಬ್ಬೆರಳಿನ ಗುರುತಿತ್ತು. ಕೆಲಸದ ನಡುವೆ ಎದ್ದು ಬರೆದಿದ್ದೀರಿ. ನಿಮ್ಮ ಪ್ರಶ್ನೆ ಆ ಪಠ್ಯದ ನಟ್ಟನಡುವಿನದ್ದೇ.

2022ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಭೂತಾನದಿಂದ ವರ್ಷಕ್ಕೆ 17,000 ಟನ್ ಹಸಿ ಅಡಿಕೆ ತರಲು ಒಪ್ಪಿತು. ಇಷ್ಟಕ್ಕಿಂತ ಅಗ್ಗದ ಮಾಲು ಒಳಗೆ ಬರಕೂಡದು ಎನ್ನುವ ಕನಿಷ್ಠ ಆಮದು ಬೆಲೆಯ ಷರತ್ತನ್ನು ಅದಕ್ಕೆ ಹಾಕಲಿಲ್ಲ. (ಹಸಿ ತೂಕ ಒಣಗಿದರೆ ಎಷ್ಟಕ್ಕಿಳಿಯುತ್ತದೆ ಎಂಬುದು ನನಗಿಂತ ನಿಮಗೆ ಗೊತ್ತು.) ಮುಂದಿನ ಫೆಬ್ರುವರಿಯಲ್ಲಿ ಅದೇ ಸರ್ಕಾರ ಬೇರೆ ಆಮದು ಅಡಿಕೆಗಿದ್ದ ಆ ಕನಿಷ್ಠ ಬೆಲೆಯನ್ನು ಕಿಲೋಗೆ 251 ರೂಪಾಯಿಯಿಂದ 351ಕ್ಕೆ ಏರಿಸಿತು. ಒಂದು ಬಾಗಿಲು ತೆರೆದು ಇನ್ನೊಂದಕ್ಕೆ ಅಗುಳಿ ಹಾಕಿದ ಹಾಗೆ.

ವಾಸ್ತವವಾದಿಯ ಉತ್ತರ ಚುಟುಕು. ದೇಶಗಳ ಮೇಲೆ ಯಜಮಾನನಿಲ್ಲ, ಅವರವರ ಬೇಲಿ ಅವರೇ ಕಾಯಬೇಕು. 2017ರಲ್ಲಿ ಭಾರತ, ಭೂತಾನ, ಚೀನಾದ ಗಡಿಗಳು ಕೂಡುವ ಡೋಕ್ಲಾಮಿನಲ್ಲಿ ನಮ್ಮ ಸೈನಿಕರೂ ಚೀನಾದವರೂ 73 ದಿನ ಎದುರುಬದುರು ನಿಂತರು. ಅಲ್ಲಿಂದ ಈಶಾನ್ಯ ರಾಜ್ಯಗಳನ್ನು ದೇಶದ ಉಳಿದ ಭಾಗಕ್ಕೆ ಜೋಡಿಸುವ ಸಿಲಿಗುರಿಯ ಇಕ್ಕಟ್ಟಾದ ಭೂಪಟ್ಟಿ ದೂರವಿಲ್ಲ. ಅಂಥ ಕಡೆ ಇರುವ ನೆರೆಯ ಭೂತಾನದ ಮನಸ್ಸು ಕೆಡಿಸುವುದು ದೆಹಲಿಗೆ ದುಬಾರಿ. ಉದಾರವಾದಿ ವ್ಯಾಪಾರವೇ ಸ್ನೇಹದ ಹಗ್ಗ ಅನ್ನುತ್ತಾನೆ. 1949ರ ಒಪ್ಪಂದದಲ್ಲೇ ಎರಡೂ ದೇಶಗಳ ನಡುವೆ ಮುಕ್ತ ವ್ಯಾಪಾರದ ಮಾತಿತ್ತು. ಇವೆರಡೂ ಸರಿಯೇ. ಆದರೆ ಎರಡರಲ್ಲೂ ನಿಮ್ಮ ತೋಟ ಕಾಣುವುದಿಲ್ಲ, ನನ್ನ ತಕರಾರು ಅದೇ.

ನಿಮಗೆ ಜಾಗವಿರುವುದು ಅಮೆರಿಕದ ರಾಜ್ಯಶಾಸ್ತ್ರಜ್ಞ ರಾಬರ್ಟ್ ಪುಟ್ನಮ್ 1988ರಲ್ಲಿ ಮುಂದಿಟ್ಟ ವಿಚಾರದಲ್ಲಿ. ಸಂಧಾನಕ್ಕೆ ಕೂತವನು ಒಂದೇ ಹೊತ್ತಿಗೆ ಎರಡು ಮೇಜಿನ ಮುಂದೆ ಕೂತಿರುತ್ತಾನೆ: ಒಂದರಾಚೆ ಪರದೇಶದವರು, ಇನ್ನೊಂದರಾಚೆ ಸ್ವಂತ ದೇಶದ ಜನ. ಎರಡೂ ಕಡೆ ಒಪ್ಪಿಗೆಯಾದರೆ ಮಾತ್ರ ಒಪ್ಪಂದ ನಿಲ್ಲುತ್ತದೆ. ಅವರು ತೆಗೆದುಕೊಂಡ ಉದಾಹರಣೆ 1978ರಲ್ಲಿ ಪಶ್ಚಿಮ ಜರ್ಮನಿಯ ಬಾನ್‌ನಲ್ಲಿ ನಡೆದ ಶ್ರೀಮಂತ ದೇಶಗಳ ಶೃಂಗಸಭೆ. ಅಮೆರಿಕ ತೈಲಬೆಲೆಯ ನಿಯಂತ್ರಣ ಸಡಿಲಿಸಲು, ಪಶ್ಚಿಮ ಜರ್ಮನಿ ಮತ್ತು ಜಪಾನ್ ತಮ್ಮ ಆರ್ಥಿಕತೆಗೆ ಚುರುಕು ಕೊಡಲು ಒಪ್ಪಿದವು. ಹೊರಗಿನ ಒತ್ತಾಯವೊಂದರಿಂದಲೇ ಆದದ್ದಲ್ಲ, ಅದನ್ನೇ ಬಯಸುವ ಗುಂಪು ಆಯಾ ದೇಶದೊಳಗೂ ಇತ್ತು.

ಮನೆಯೊಳಗಿನ ವಿರೋಧ ಹೊರಗೆ ಬಲವಾಗುತ್ತದೆ ಎಂಬುದು ಇದರಲ್ಲಿ ನನಗೆ ಬಹಳ ಹಿಡಿಸಿದ ಮಾತು. ಶಿವಮೊಗ್ಗದ ಮಂಡಿಯಲ್ಲಿ ನೀವೂ ಕಂಡಿರುತ್ತೀರಿ. ರಾಶಿ ಅಡಿಕೆಯ ಮಾದರಿಯನ್ನು ಅಂಗೈಯಲ್ಲಿ ಹೊರಳಿಸುತ್ತಾ ವ್ಯಾಪಾರಿ ರೇಟು ಹೇಳುತ್ತಾನೆ. ‘ನಂಗೇನೋ ಅಡ್ಡಿಲ್ಲ ಮಾರಾಯ್ರೆ, ಮನೇಲಿ ಅಣ್ಣ ಒಪ್ಪಲ್ಲ’ ಅಂದರೆ ರೇಟು ಸ್ವಲ್ಪ ಮೇಲಕ್ಕೆ ಹೋಗುತ್ತದೆ. ಮನೆಯಲ್ಲಿ ಆ ಅಣ್ಣ ಬಾಯಿ ಬಿಡದಿದ್ದರೆ ಈ ಮಾತಿಗೆ ಬೆಲೆಯಿಲ್ಲ. ದೆಹಲಿಯ ಸಂಧಾನಕಾರನಿಗೆ ಆ ಅಣ್ಣ ನೀವು. 351ರ ಅಗುಳಿ ಬಿದ್ದದ್ದು ಆ ಎರಡನೇ ಮೇಜಿನಲ್ಲಿ ಎಂದೇ ನಾನು ಓದುತ್ತೇನೆ. ಭೂತಾನದ ವಿಷಯದಲ್ಲಿ ಮೊದಲ ಮೇಜಿನ ಮಾತು ಗೆದ್ದಿತು.

ಮುಂದಿನ ಸಲ ನಿಮ್ಮ ಸಂಸದರು ಊರಿಗೆ ಬಂದರೆ ಆಮದು ನಿಲ್ಲಿಸಿ ಎಂಬ ಮನವಿಯ ಜೊತೆ ಇದನ್ನೂ ಕೇಳಿ: ಆ 17,000 ಟನ್ ಗೊತ್ತುಮಾಡುವ ಮುಂಚೆ ಮಲೆನಾಡಿನ ಯಾರನ್ನು ವಿಚಾರಿಸಿದರು? ಅವರು ಹೇಳಿದ್ದನ್ನು ಮಗಳು ಬರೆದು ಕಳಿಸಲಿ. ಎರಡು ಪುಟ ಮೀಸಲಿಡುತ್ತೇನೆ.

– ಸಂಪಾದಕ