ರಾತ್ರಿಯಿಡೀ ಬೆರಳಿಗೆ ಆಕ್ಸಿಮೀಟರ್

(ಗುರುತು ಸಿಗದಂತೆ ಹೆಸರು ಮತ್ತು ಮನೆಯ ವಿವರಗಳನ್ನು ಬದಲಿಸಲಾಗಿದೆ.)

ಶೈಲಾ ಖಾಸಗಿ ಆಸ್ಪತ್ರೆಯೊಂದರಲ್ಲಿ ಫಿಸಿಯೊಥೆರಪಿಸ್ಟ್. ಮನೆಯಲ್ಲಿ ಗಂಡ, ನಾಲ್ಕು ವರ್ಷದ ಮಗ, ಸಕ್ಕರೆ ಕಾಯಿಲೆಯ ಅತ್ತೆ. 2021ರ ಜೂನ್‌ನಲ್ಲಿ, ಕೋವಿಡ್ ಎರಡನೇ ಅಲೆ ಇಳಿಯತೊಡಗಿದಾಗ, ಆಪ್ತ ಸಮಾಲೋಚಕಿಯಾದ ನನಗೆ ಫೋನ್ ಮಾಡಿದರು. "ಒಬ್ಬ ಅಜ್ಜನ ಮೇಲೆ ಕೂಗಾಡಿಬಿಟ್ಟೆ ಮೇಡಂ. ಈ ಕೆಲಸಕ್ಕೆ ನಾನು ನಾಲಾಯಕ್ಕು" ಎಂಬುದಷ್ಟೇ ಅವರ ದೂರು.

ಅಜ್ಜನ ಕೈಯಲ್ಲಿದ್ದುದು ಉಸಿರೆಳೆದರೆ ಮೂರು ಚೆಂಡುಗಳು ಮೇಲೇಳುವ ಸ್ಪೈರೊಮೀಟರ್. ಒಂದು ಚೆಂಡೂ ಅಲ್ಲಾಡಲಿಲ್ಲ. ಅವರು ಅದನ್ನು ಪಕ್ಕಕ್ಕಿಟ್ಟು ಗೋಡೆಯ ಕಡೆ ಮುಖ ತಿರುಗಿಸಿಕೊಂಡರು. ಶೈಲಾ ಸಿಡಿದದ್ದು ಆಗ.

ಏಪ್ರಿಲ್, ಮೇ ತಿಂಗಳುಗಳ ದಿನಚರಿ ಕೇಳಿದೆ. ಬೆಳಿಗ್ಗೆಯಿಂದ ಪಿಪಿಇ ಕಿಟ್‌ನೊಳಗೆ ಕೋವಿಡ್ ವಾರ್ಡ್. ಕಿಟ್ ಬಿಚ್ಚುವವರೆಗೆ ನೀರಿಲ್ಲ, ಶೌಚಕ್ಕೆ ಹೋಗುವಂತಿಲ್ಲ. ಸಂಜೆ, ಗುಣವಾಗಿ ಮನೆಗೆ ಹೋದವರಿಗೆ ವಿಡಿಯೊ ಕರೆಯಲ್ಲಿ ವ್ಯಾಯಾಮ. ಸಂಬಳ ಮಾತ್ರ 2020ರ ಲಾಕ್‌ಡೌನ್‌ನಲ್ಲಿ ಕಡಿತವಾದದ್ದು ಮರಳಿರಲಿಲ್ಲ.

ವೈದ್ಯರು ರೌಂಡ್ಸ್ ಮುಗಿಸಿ ಹೋಗುತ್ತಾರೆ. ಫಿಸಿಯೊಥೆರಪಿಸ್ಟ್ ಒಬ್ಬೊಬ್ಬರ ಬಳಿಯೂ ಅರ್ಧ ಗಂಟೆ ನಿಲ್ಲಬೇಕು. ಎದೆಗೆ ಕೈಯಿಟ್ಟು ಉಸಿರಾಡಿಸಬೇಕು, ಕೆಮ್ಮಿಸಿ ಕಫ ತೆಗೆಸಬೇಕು, ಬೋರಲು ಮಲಗಿಸಬೇಕು. ಅಷ್ಟರಲ್ಲಿ ರೋಗಿಯ ಮಗಳ ಮದುವೆ, ಅಡಿಕೆ ತೋಟ, ಬ್ಯಾಂಕಿನ ಸಾಲ ಎಲ್ಲವೂ ಮಾತಿಗೆ ಬಂದಿರುತ್ತದೆ. ಮರುದಿನ ಅದೇ ಹಾಸಿಗೆಯಲ್ಲಿ ಬೇರೊಬ್ಬರು. ಮೊದಲವರು ಮನೆಗೆ ಹೋದರೋ, ಐಸಿಯುಗೆ ಹೋದರೋ, ತೀರಿಕೊಂಡರೋ? ಕ್ರಮೇಣ ಶೈಲಾ ಕೇಳುವುದನ್ನೇ ಬಿಟ್ಟರು. ಇಷ್ಟಾದರೂ ಆಸ್ಪತ್ರೆ ಸನ್ಮಾನಿಸಿದ ಕೊರೊನಾ ಸೇನಾನಿಗಳಲ್ಲಿ ಅವರ ವಿಭಾಗದವರು ಒಬ್ಬರೂ ಇರಲಿಲ್ಲ. ಸಹ ಆರೋಗ್ಯ ವೃತ್ತಿಪರರ ಆಯೋಗದ ಕಾಯ್ದೆಗೆ ಅದೇ ಮಾರ್ಚ್‌ನಲ್ಲಿ ಸಂಸತ್ತು ಒಪ್ಪಿಗೆ ಕೊಟ್ಟಿತ್ತು, ಫಿಸಿಯೊಥೆರಪಿಸ್ಟರೂ ಅದರ ವ್ಯಾಪ್ತಿಗೆ ಬರುತ್ತಾರೆ. ಆದರೂ ವಾರ್ಡಿನಲ್ಲಿ ಇನ್ನೂ "ಮಸಾಜ್ ಮೇಡಂ" ಎಂದೇ ಕರೆಯುತ್ತಿದ್ದರು.

ರಾತ್ರಿಯ ವಿಷಯ ಬಂದದ್ದು ಕೊನೆಗೆ, ಅದೂ ಸಂಕೋಚದಿಂದ. ಮೂರು ಗಂಟೆಗೆ ಎಚ್ಚರವಾಗುತ್ತದೆ. ರಕ್ತದಲ್ಲಿನ ಆಮ್ಲಜನಕದ ಪ್ರಮಾಣ ತೋರಿಸುವ ಆಕ್ಸಿಮೀಟರನ್ನು ಬೆರಳಿಗೆ ಹಾಕಿಕೊಳ್ಳುತ್ತಾರೆ: 98. ಐದು ನಿಮಿಷ ಬಿಟ್ಟು ಮತ್ತೆ: 97. ಒಂದು ಅಂಕಿ ಇಳಿದದ್ದಕ್ಕೆ ಎದೆ ಹೊಡೆದುಕೊಳ್ಳುತ್ತದೆ. ನಿದ್ರಿಸುವ ಮಗನ ಬೆರಳಿಗೂ ಹಾಕುತ್ತಾರೆ, ಬೆಳಗಾಗುವವರೆಗೂ ಇದೇ. ಊಟ ಸೇರದೆ ತೂಕ ಇಳಿದಿತ್ತು.

ಸಾಯುವ ಯೋಚನೆ ಬರುತ್ತದೆಯೇ ಎಂದು ನೇರವಾಗಿಯೇ ಕೇಳಿದೆ. ಕೇಳಿದರೆ ಇಲ್ಲದ ಯೋಚನೆ ಹುಟ್ಟುತ್ತದೆ ಎಂಬ ಭಯ ಬಹಳ ಜನರಿಗಿದೆ, ಹಾಗಾಗುವುದಿಲ್ಲ. "ಮಲಗಿದವಳು ಏಳದಿದ್ದರೂ ಪರವಾಗಿಲ್ಲ ಅನ್ನಿಸುತ್ತದೆ" ಎಂದರು. ಹಾನಿ ಮಾಡಿಕೊಳ್ಳುವ ಉದ್ದೇಶವಿರಲಿಲ್ಲ. ಆದರೂ ಅದೇ ವಾರ ಮನೋವೈದ್ಯರನ್ನು ನೋಡಲೇಬೇಕೆಂದೆ, ಗಂಡನಿಗೆ ತಿಳಿಸಲು ಒಪ್ಪಿಸಿದೆ. ವೈದ್ಯರು ಖಿನ್ನತೆ ಎಂದು ಗುರುತಿಸಿ ಔಷಧ ಆರಂಭಿಸಿದರು. (ಇಂಥ ಯೋಚನೆ ಕಾಡುತ್ತಿದ್ದರೆ ಈಗ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ ಇದೆ: 14416. ಹಗಲು ರಾತ್ರಿ ಉಚಿತ, ಕನ್ನಡದಲ್ಲೇ ಮಾತನಾಡಬಹುದು.)

ಉಳಿದ ಸಲಹೆಯಲ್ಲಿ ಉಸಿರಾಟದ ವ್ಯಾಯಾಮ ಇರಲಿಲ್ಲ. ದಿನವಿಡೀ ಅದನ್ನೇ ಹೇಳಿಕೊಡುವವರಿಗೆ ಅದನ್ನೇ ಹೇಳಲು ನನಗೆ ನಾಚಿಕೆಯಾಯಿತು. ಅಲ್ಲದೆ ಕಣ್ಣು ಮುಚ್ಚಿ ಉಸಿರು ಗಮನಿಸಿದರೆ ಅವರಿಗೆ ಕಾಣಿಸುತ್ತಿದ್ದುದು ವಾರ್ಡು.

ಆಕ್ಸಿಮೀಟರ್ ಗಂಡನ ವಶಕ್ಕೆ ಹೋಗಲಿ ಎಂದೆ. ಜ್ವರ, ಕೆಮ್ಮು ಇಲ್ಲದಿರುವಾಗ ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ನೋಡುವುದು. ನಡುವೆ ಎಷ್ಟೇ ತಳಮಳವಾದರೂ ಇಲ್ಲ. ನೋಡಿದಾಗ ಸಿಗುವ ಸಮಾಧಾನವೇ ಮುಂದಿನ ತಳಮಳಕ್ಕೆ ದಾರಿ. ನೋಡದೆ ಕುಳಿತರೆ ಅದು ಏರುತ್ತದೆ, ತಾನಾಗಿಯೇ ಇಳಿಯುತ್ತದೆ. ಎಚ್ಚರವಾದರೆ ಹಾಸಿಗೆಯಲ್ಲಿ ಹೊರಳಾಡದೆ ಎದ್ದು ಹಜಾರಕ್ಕೆ ಬರಬೇಕು. ಬಟ್ಟೆ ಮಡಿಸುವಂಥ ಸಪ್ಪೆ ಕೆಲಸ ಮಾಡಿ, ನಿದ್ದೆ ಬಂದಾಗ ಮರಳಬೇಕು. ಮೊದಲ ವಾರ ನನ್ನನ್ನು ಮನಸಾರೆ ಬೈದುಕೊಂಡರಂತೆ.

ಅಜ್ಜನಲ್ಲಿ ಕ್ಷಮೆ ಕೇಳಬೇಕೇ ಎಂದು ಕೇಳಿದರು. ಕೇಳಿ, ಆದರೆ ಒಂದೇ ಮಾತಿನಲ್ಲಿ ಮುಗಿಸಿ, ಅವರಿಂದ ಸಾಂತ್ವನ ನಿರೀಕ್ಷಿಸಬೇಡಿ ಎಂದೆ.

ನಾನು ಹೆಚ್ಚು ಹೊತ್ತು ಕೊಟ್ಟದ್ದು ಒಂದು ಪತ್ರಕ್ಕೆ. ವಿಪರೀತ ಕೆಲಸದ ಬಳಲಿಕೆಯನ್ನು ವಿಶ್ವ ಆರೋಗ್ಯ ಸಂಸ್ಥೆ ಕಾಯಿಲೆ ಎನ್ನದೆ, ಕೆಲಸದ ಜಾಗಕ್ಕೆ ಸಂಬಂಧಿಸಿದ ವಿದ್ಯಮಾನ ಎಂದು ಗುರುತಿಸಿದೆ. ಖಿನ್ನತೆಗೆ ಔಷಧ ಬೇಕು, ಸರಿ. ಡ್ಯೂಟಿ ಪಟ್ಟಿ ಹಾಗೇ ಇದ್ದರೆ ಮಾತ್ರೆ ಏನು ಮಾಡೀತು? ಅವರ ಮೊದಲ ಕರಡು "ಮಾನಸಿಕ ಒತ್ತಡದಿಂದ ಬಳಲುತ್ತಿದ್ದೇನೆ" ಎಂದು ಶುರುವಾಗಿತ್ತು. ಅದನ್ನು ತೆಗೆಸಿದೆ. ಹಾಗೆ ಬರೆದರೆ ಆಡಳಿತದವರು ರಜೆ ಕೊಟ್ಟು ಕೈತೊಳೆದುಕೊಳ್ಳುತ್ತಾರೆ. ಹೊಸ ಪತ್ರದಲ್ಲಿ ನಾಲ್ಕು ಬೇಡಿಕೆಗಳಿದ್ದವು: ಕೋವಿಡ್ ವಾರ್ಡಿನ ಪಾಳಿ ವಾರಕ್ಕೊಮ್ಮೆ ಬದಲಾಗಬೇಕು, ವಾರ್ಡಿನಲ್ಲಿದ್ದ ದಿನ ಸಂಜೆಯ ವಿಡಿಯೊ ಕರೆ ಬೇಡ, ತಾವು ನೋಡಿದ ರೋಗಿ ಏನಾದರೆಂದು ಪಾಳಿಯ ಆರಂಭದಲ್ಲೇ ತಂಡಕ್ಕೆ ತಿಳಿಸಬೇಕು, ಕಡಿತವಾದ ಸಂಬಳ ಮರಳಬೇಕು. ಒಬ್ಬರೇ ಕೊಡಬೇಡಿ ಎಂದಿದ್ದೆ. ಸಹೋದ್ಯೋಗಿಗಳಿಗೆ ಓದಿ ಹೇಳಿದಾಗ ತಿಳಿಯಿತು, ಇನ್ನಿಬ್ಬರ ಮನೆಯಲ್ಲೂ ರಾತ್ರಿ ಆಕ್ಸಿಮೀಟರ್ ಓಡಾಡುತ್ತಿತ್ತು. ಎಲ್ಲರೂ ಸಹಿ ಹಾಕಿದರು.

ಮೊದಲ ಮೂರು ಬೇಡಿಕೆ ಈಡೇರಿದವು. ನಿದ್ದೆ ನಿಧಾನಕ್ಕೆ ಮರಳಿತು, ಔಷಧ ಮುಂದುವರಿಯಿತು. ಸಂಬಳದ ಬಗ್ಗೆ ಉತ್ತರವೇ ಬರಲಿಲ್ಲ. ಬೇರೆ ಕಡೆ ಅರ್ಜಿ ಹಾಕಲೇ ಎಂದು ಶೈಲಾ ಕೇಳಿದಾಗ ನಾನು ತಡೆಯಲಿಲ್ಲ. ಹೊಸ ಜಾಗದಲ್ಲಿ ಸಂಬಳಕ್ಕಿಂತ ಮೊದಲು ಡ್ಯೂಟಿ ಪಟ್ಟಿ ಕೇಳಿ ನೋಡಿ ಎಂದೆ.